ಪ್ರೀತಿ ವಾತ್ಸಲ್ಯಕ್ಕೆ ಏಳೂವರೆ ಲಕ್ಷ: ಕಾಯಿಲೆ ಬಂದಾಗ ಮಾರಲು ಹೊರಟ ಒಂದು ಪಾಲಿಸಿಯ ಪ್ರಕರಣ

2023ರ ನವರಾತ್ರಿಯ ಎರಡನೇ ದಿನ. ಸಂಜೆ ಒಬ್ಬರು ಹಳೇ ಜವಳಿ ಅಂಗಡಿಯ ಕವರ್ ಹಿಡಿದುಕೊಂಡು ಮನೆಗೆ ಬಂದರು. ಕವರಿನಲ್ಲಿ ಎರಡು ವಿಮೆ ಪಾಲಿಸಿ, ಒಂದು ಸ್ಕ್ಯಾನ್ ರಿಪೋರ್ಟು, ಅರ್ಧ ತುಂಬಿದ ಒಂದು ಫಾರಂ ಇತ್ತು. ಕೂತವರೇ, "ಸರ್, ಇದರಲ್ಲಿ ಎಲ್ಲೆಲ್ಲಿ ಸೈನ್ ಹಾಕಬೇಕು, ಒಂಚೂರು ನೋಡಿ ಹೇಳಿ" ಅಂದರು.

ನಾನು ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಪರಿಚಯದವರ ವಿಮೆ, ನಾಮಿನಿ, ಠೇವಣಿ ಕಾಗದ ನೋಡಿಕೊಡುವುದು ಈಗ ನನ್ನ ಪುಕ್ಕಟೆ ಉದ್ಯೋಗ. ಹೀಗೆ ಬಂದವರ ಪ್ರಕರಣಗಳಲ್ಲಿ ನನಗೆ ಜಾಸ್ತಿ ಪಾಠ ಕಲಿಸಿದ್ದು ಇದು. ಅದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಹೆಸರು ಬೇರೆ, ಊರು ಹೇಳುವುದಿಲ್ಲ, ಮೊತ್ತ ಮತ್ತು ದಿನಾಂಕಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ.

ಅವರನ್ನು ಶಿವಣ್ಣ ಅನ್ನೋಣ. ಹೆಂಡತಿ ಗಿರಿಜಮ್ಮ.

ಮನೆಯ ಸ್ಥಿತಿ

ಶಿವಣ್ಣನವರಿಗೆ 51 ವರ್ಷ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಮಗಳು ಇಂಜಿನಿಯರಿಂಗ್ ಕೊನೆಯ ವರ್ಷ, ಮಗ ಎರಡನೇ ಪಿಯುಸಿ. ಆರು ತಿಂಗಳಿಂದ ಹೊಟ್ಟೆನೋವು, ತೂಕ ಇಳಿಯುತ್ತಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗುತ್ತಿದ್ದರು. ಆಗಸ್ಟಿನಲ್ಲಿ ಕಣ್ಣು ಹಳದಿಯಾದ ಮೇಲೆ ಬೆಂಗಳೂರಿಗೆ ಹೋದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಯಕೃತ್ತಿಗೂ ಹರಡಿದೆ ಎಂದು ತಿಳಿಯಿತು. ಆಪರೇಷನ್ ಮಾಡುವ ಹಂತ ದಾಟಿತ್ತು. ಕೀಮೋ ಕೊಟ್ಟರೆ ನೋವು ಕಡಿಮೆಯಾಗಬಹುದು, ಸ್ವಲ್ಪ ದಿನ ಹೆಚ್ಚು ಸಿಗಬಹುದು ಅಂದಿದ್ದರು.

"ಅಂದಿದ್ದರು" ಎಂದೆನಲ್ಲ, ಅದು ಗಿರಿಜಮ್ಮನಿಗೆ ಮತ್ತು ಅವರ ತಮ್ಮನಿಗೆ ಮಾತ್ರ. ಶಿವಣ್ಣನವರಿಗೆ ಹೇಳಿದ್ದು, ಗಡ್ಡೆ ಇದೆ, ಔಷಧಿಯಲ್ಲೇ ಕರಗಿಸುತ್ತಾರೆ ಅಂತ. ಈ ವಿಷಯ ನೆನಪಿಟ್ಟುಕೊಳ್ಳಿ. ಇಡೀ ಪ್ರಕರಣ ತಿರುಗುವುದು ಇಲ್ಲೇ.

ಎರಡು ತಿಂಗಳಲ್ಲಿ ಕೈಯಲ್ಲಿದ್ದ ದುಡ್ಡು ಖಾಲಿ. ಕಾರ್ಡು ಎಪಿಎಲ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು ಸರ್ಕಾರ ಕೊಡುತ್ತದೆ. ಆದರೆ ಇವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿದ್ದರು. ಆ ಖರ್ಚೆಲ್ಲ ಕೈಯಿಂದಲೇ ಹೋಯಿತು.

ಬೇಕಿದ್ದ ದುಡ್ಡನ್ನು ಒಂದು ಹಾಳೆಯಲ್ಲಿ ಬರೆಸಿದೆ. ಅಂಗಡಿಗೆ ಮಾಲು ಕೊಟ್ಟವರ ಬಾಕಿ 2.8 ಲಕ್ಷ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ 1.6 ಲಕ್ಷ. ಮಗಳ ಫೀಸು 95 ಸಾವಿರ. ಮುಂದಿನ ಚಿಕಿತ್ಸೆ, ಓಡಾಟಕ್ಕೆ ಒಂದೂವರೆ ಲಕ್ಷ. ಒಟ್ಟು ಏಳು ಲಕ್ಷದ ಹತ್ತಿರ.

ಕವರಿನಲ್ಲಿದ್ದ ಕಾಗದಗಳು

ಮೊದಲ ಪಾಲಿಸಿ 2011ರ ಜನವರಿಯದು. ಹತ್ತು ಲಕ್ಷದ ಎಂಡೋಮೆಂಟ್, ಅಂದರೆ ಅವಧಿ ಮುಗಿದರೂ ನಡುವೆ ಸಾವಾದರೂ ದುಡ್ಡು ಬರುವ ಪಾಲಿಸಿ. ಬೋನಸ್ ಸೇರುವಂಥದ್ದು, 21 ವರ್ಷದ ಅವಧಿ. ವರ್ಷಕ್ಕೆ 52 ಸಾವಿರದಂತೆ 13 ಕಂತು ತಪ್ಪದೆ ಕಟ್ಟಿದ್ದರು. ಸೇರಿದ ಬೋನಸ್ 6.1 ಲಕ್ಷ. ಅಂದರೆ ಸಾವು ಸಂಭವಿಸಿದರೆ ಮನೆಗೆ 16.1 ಲಕ್ಷ. ಶಾಖೆಯಲ್ಲಿ ವಿಚಾರಿಸಿದಾಗ ಸರೆಂಡರ್ ಮಾಡಿದರೆ, ಅಂದರೆ ಅವಧಿಗೆ ಮೊದಲೇ ಪಾಲಿಸಿಯನ್ನು ಕಂಪನಿಗೆ ಬಿಟ್ಟುಕೊಟ್ಟರೆ, 5.84 ಲಕ್ಷ ಬರುತ್ತದೆ ಅಂದಿದ್ದರಂತೆ.

ಎರಡನೆಯದು 2019ರಲ್ಲಿ ಆನ್‌ಲೈನ್‌ನಲ್ಲಿ ತೆಗೆದುಕೊಂಡ 25 ಲಕ್ಷದ ಟರ್ಮ್ ಪಾಲಿಸಿ. ಅವಧಿ ಮುಗಿದರೆ ಏನೂ ಇಲ್ಲ, ಅದರೊಳಗೆ ಸಾವಾದರೆ ಮನೆಯವರಿಗೆ ದುಡ್ಡು. ತಿಂಗಳ ಕಂತು ಖಾತೆಯಿಂದ ತಾನೇ ಕಟ್ ಆಗುತ್ತಿತ್ತು. "ಅದು ಬಿಡಿ ಸರ್, ಅದರಲ್ಲಿ ವಾಪಸ್ ಏನೂ ಬರಲ್ಲ" ಎಂದು ಶಿವಣ್ಣ ಪಕ್ಕಕ್ಕೆ ಸರಿಸಿದರು.

ಮೂರನೆಯದು ಆ ಫಾರಂ. ಪಾಲಿಸಿಯನ್ನು ಇನ್ನೊಬ್ಬರ ಹೆಸರಿಗೆ ಪೂರ್ತಿ ವರ್ಗಾಯಿಸುವ ಅಸೈನ್‌ಮೆಂಟ್ ಪತ್ರ. ಊರಿನ ಒಬ್ಬ ಫೈನಾನ್ಸ್ ವ್ಯಾಪಾರಿ ಏಳೂವರೆ ಲಕ್ಷಕ್ಕೆ ಎಂಡೋಮೆಂಟ್ ಪಾಲಿಸಿ ಕೊಳ್ಳುತ್ತೇನೆ ಅಂದಿದ್ದ. ಕಂಪನಿ ಕೊಡುವುದಕ್ಕಿಂತ ಒಂದು ಲಕ್ಷದ 66 ಸಾವಿರ ಜಾಸ್ತಿ. ಗುರುವಾರ ಸೈನ್, ಅವತ್ತೇ ದುಡ್ಡು.

ಯಾವ ಕಾರಣಕ್ಕೆ ವರ್ಗಾವಣೆ ಎಂದು ಬರೆಯುವ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: "ಸಹಜ ಪ್ರೀತಿ ವಾತ್ಸಲ್ಯದಿಂದ". ಸಂಬಂಧ ಎಂಬಲ್ಲಿ "ಸಹೋದರ".

"ಇವರು ನಿಮಗೆ ಅಣ್ಣ ತಮ್ಮ ಆಗಬೇಕಾ?" ಎಂದೆ.

ಶಿವಣ್ಣ ನಕ್ಕರು. "ಏಳೂವರೆ ಲಕ್ಷ ಕೊಟ್ಟರೆ ಆಗ್ತಾರೆ ಸರ್."

ಮೊದಲ ಕೆಲಸ: ನಾಲ್ಕು ದಿನದ ಗಡುವು

ನಾನು ಮೊದಲು ಕೈಗೆತ್ತಿಕೊಂಡಿದ್ದು ಅವರು ಪಕ್ಕಕ್ಕೆ ಸರಿಸಿದ ಟರ್ಮ್ ಪಾಲಿಸಿಯನ್ನು. ಪಾಸ್‌ಬುಕ್ ತೆರೆದರೆ ಅಕ್ಟೋಬರ್ 5ರ ಕಂತು ಬೌನ್ಸ್ ಆಗಿತ್ತು. ಖಾತೆಯಲ್ಲಿ ದುಡ್ಡಿರಲಿಲ್ಲ. ಮೆಸೇಜ್ ಬಂದಿತ್ತು, ಯಾರೂ ನೋಡಿರಲಿಲ್ಲ. ತಿಂಗಳ ಕಂತಿನ ಪಾಲಿಸಿಗೆ ಗ್ರೇಸ್ ಅವಧಿ, ಅಂದರೆ ತಾರೀಕು ದಾಟಿದ ಮೇಲೂ ಕಟ್ಟಲು ಸಿಗುವ ಸಮಯ, ಬರೀ 15 ದಿನ. ಅವತ್ತು 16ನೇ ತಾರೀಕು. ಇನ್ನು ನಾಲ್ಕು ದಿನ ಕಳೆದಿದ್ದರೆ 25 ಲಕ್ಷ ಹೋಗುತ್ತಿತ್ತು.

ಆಮೇಲೆ ಬಡ್ಡಿ ಸೇರಿಸಿ ಕಟ್ಟಿದರೆ ಆಯಿತಲ್ಲ ಎಂದು ಅವರು ಕೇಳಿದರು. ಆರೋಗ್ಯವಂತರಿಗೆ ಸರಿ. ಕಂತು ಕಟ್ಟದೆ ಲ್ಯಾಪ್ಸ್ ಆದ, ಅಂದರೆ ನಿಂತುಹೋದ ಪಾಲಿಸಿಯನ್ನು ಮತ್ತೆ ಜೀವಂತ ಮಾಡಲು ಆರೋಗ್ಯದ ಘೋಷಣೆ ಕೊಡಬೇಕು. ಕ್ಯಾನ್ಸರ್ ಇರುವವರಿಗೆ ಆ ಬಾಗಿಲು ಮುಚ್ಚಿದಂತೆಯೇ. ಅವರ ಫೋನಿನಿಂದಲೇ, ನನ್ನ ಮುಂದೆಯೇ ಕಂತು ಕಟ್ಟಿಸಿದೆ.

ಆ ವ್ಯಾಪಾರಿ ಇನ್ನೊಂದು ಹೆದರಿಕೆಯನ್ನೂ ಹುಟ್ಟಿಸಿದ್ದ. ಶಿವಣ್ಣ ಗುಟ್ಕಾ ಹಾಕುತ್ತಿದ್ದವರು. ಅರ್ಜಿಯಲ್ಲಿ ತಂಬಾಕು ಇಲ್ಲ ಎಂದು ಬರೆದಿದ್ದರು. "ಟರ್ಮ್ ಕ್ಲೇಮು ನಿಮಗೆ ಬರೋದೇ ಇಲ್ಲ, ಸುಮ್ನೆ ಕಂತು ದಂಡ" ಎಂದು ಅವನು ಹೇಳಿದ್ದ. ಅರ್ಜಿಯಲ್ಲಿ ಸುಳ್ಳು ಬರೆದದ್ದು ತಪ್ಪೇ, ನಾನು ಅದನ್ನು ಸಮರ್ಥಿಸುವುದಿಲ್ಲ. ಆದರೆ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಯಾವ ಕಾರಣಕ್ಕೂ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. 2015ರ ತಿದ್ದುಪಡಿಯಲ್ಲಿ ಬಂದ ನಿಯಮ ಇದು. ಇವರದು ನಾಲ್ಕು ವರ್ಷ ದಾಟಿತ್ತು. ನಡುವೆ ಒಮ್ಮೆಯೂ ಲ್ಯಾಪ್ಸ್ ಆಗಿರಲಿಲ್ಲ. ಲ್ಯಾಪ್ಸ್ ಆಗಿ ಮತ್ತೆ ಜೀವಂತ ಮಾಡಿಸಿದ್ದರೆ ಮೂರು ವರ್ಷದ ಲೆಕ್ಕ ಅಲ್ಲಿಂದ ಹೊಸದಾಗಿ ಶುರುವಾಗುತ್ತಿತ್ತು. ಆ ಸಣ್ಣ ಕಂತಿನ ಮೇಲೆ ಎಷ್ಟೆಲ್ಲ ನಿಂತಿತ್ತು ನೋಡಿ.

ಕಂಪನಿಗೆ ಕಾಣದ ಕಾಯಿಲೆ, ವ್ಯಾಪಾರಿಗೆ ಕಂಡಿತ್ತು

ಏಳೂವರೆ ಲಕ್ಷದ ಮಾತಿಗೆ ಬರೋಣ.

ಸರೆಂಡರ್ ಲೆಕ್ಕದಲ್ಲಿ ಕಾಯಿಲೆಗೆ ಜಾಗವಿಲ್ಲ. ಎಷ್ಟು ಕಂತು ಕಟ್ಟಿದ್ದೀರಿ, ಎಷ್ಟು ಬೋನಸ್ ಸೇರಿದೆ, ಅವಧಿ ಮುಗಿಯಲು ಎಷ್ಟು ವರ್ಷ ಬಾಕಿ, ಇಷ್ಟೇ. ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ಓಡುವವನಿಗೂ ಹಾಸಿಗೆ ಹಿಡಿದವನಿಗೂ ಒಂದೇ ರೇಟು. ಇನ್ನೂ ಎಂಟು ವರ್ಷ ಕಾಯಬೇಕಾದ ದುಡ್ಡು ಎಂದುಕೊಂಡೇ ಕಂಪನಿ 5.84 ಲಕ್ಷ ಎಂದಿತ್ತು. ವ್ಯಾಪಾರಿ ಎಂಟು ವರ್ಷದ ಲೆಕ್ಕ ಹಾಕಿರಲಿಲ್ಲ. ಸ್ಕ್ಯಾನ್ ರಿಪೋರ್ಟಿನ ಫೋಟೊ ತರಿಸಿಕೊಂಡಿದ್ದ. ಏಳೂವರೆ ಕೊಟ್ಟು ಕೆಲವೇ ತಿಂಗಳಲ್ಲಿ ಹದಿನಾರು ತೆಗೆದುಕೊಳ್ಳುವ ಲೆಕ್ಕ ಅವನದು. ಜಾಸ್ತಿ ಕೊಟ್ಟ ಹಾಗೆ ಕಾಣುವ ಒಂದು ಲಕ್ಷದ 66 ಸಾವಿರ ಅವನ ದೊಡ್ಡತನದಿಂದ ಬಂದದ್ದಲ್ಲ.

ಇದನ್ನು ಶಿವಣ್ಣನವರಿಗೆ ಬಿಡಿಸಿ ಹೇಳಲು ನನಗೆ ಬಾಯಿ ಬರಲಿಲ್ಲ. "ನೀವು ಬೇಗ ಸಾಯ್ತೀರಿ ಅಂತ ಅವನು ಲೆಕ್ಕ ಹಾಕಿದ್ದಾನೆ" ಎಂದು ಹೇಗೆ ಹೇಳುವುದು? ಕಾನೂನಿನ ಕಡೆಯಿಂದ ಹೇಳಿದೆ.

ಅಸೈನ್‌ಮೆಂಟ್ ನಮ್ಮಲ್ಲಿ ಕಾನೂನುಬದ್ಧವೇ. ವಿಮಾ ಕಾಯ್ದೆಯ 38ನೇ ಸೆಕ್ಷನ್ ಅದನ್ನು ಒಪ್ಪುತ್ತದೆ. ಮನೆ ಸಾಲಕ್ಕೆ ಬ್ಯಾಂಕುಗಳು ಪಾಲಿಸಿ ಬರೆಸಿಕೊಳ್ಳುವುದು ಇದರ ಅಡಿಯಲ್ಲೇ. ಒಂದು ಕಾಲದಲ್ಲಿ ಮುಂಬೈನ ಒಂದು ಕಂಪನಿ ಜನರ ಪಾಲಿಸಿಗಳನ್ನು ಕೊಂಡು ವ್ಯಾಪಾರವನ್ನೇ ಮಾಡುತ್ತಿತ್ತು. ಎಲ್‌ಐಸಿ ಅಂಥ ವರ್ಗಾವಣೆ ದಾಖಲಿಸಲು ಒಪ್ಪದೆ ವಿಷಯ ಕೋರ್ಟಿಗೆ ಹೋಯಿತು. ಬಾಂಬೆ ಹೈಕೋರ್ಟ್ 2007ರಲ್ಲಿ, ಸುಪ್ರೀಂ ಕೋರ್ಟ್ 2015ರ ಡಿಸೆಂಬರ್‌ನಲ್ಲಿ ಆ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟವು. ಆದರೆ ಗೆಲ್ಲುವ ಹೊತ್ತಿಗೆ ಕಾನೂನೇ ಬದಲಾಗಿತ್ತು. ಅದೇ ವರ್ಷದ ತಿದ್ದುಪಡಿ ಪ್ರಕಾರ, ವರ್ಗಾವಣೆ ಪ್ರಾಮಾಣಿಕವಾದದ್ದಲ್ಲ, ಪಾಲಿಸಿದಾರನ ಹಿತಕ್ಕೆ ವಿರುದ್ಧ, ಅಥವಾ ಪಾಲಿಸಿ ವ್ಯಾಪಾರಕ್ಕಾಗಿ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ವಿಮಾ ಕಂಪನಿ ನಿರಾಕರಿಸಬಹುದು. ಪೆನ್ಸಿಲಿನ "ಪ್ರೀತಿ ವಾತ್ಸಲ್ಯ" ಬಂದದ್ದು ಇದಕ್ಕೇ. ಮಾರಾಟ ಎಂದು ಬರೆದರೆ ಕಂಪನಿ ತಡೆಯುತ್ತದೆ, ಪ್ರೀತಿ ಎಂದು ಬರೆದರೆ ದಾಟಬಹುದು.

ಗಂಡನ ಜೊತೆ ಬಂದು ಕೂತಿದ್ದ ಗಿರಿಜಮ್ಮ ಇಷ್ಟು ಹೊತ್ತು ಮಾತಾಡಿರಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ನಾಮಿನಿ ನಾನೇ ಇದ್ದೀನಲ್ಲ ಸರ್? ಅವರ ಹೆಸರಿಗೆ ಮಾಡಿದರೂ ನಾಮಿನಿ ನಾನೇ ಅಲ್ವಾ?"

ಅಲ್ಲ. ಹೀಗೆ ಪೂರ್ತಿ ಅಸೈನ್ ಮಾಡಿದ ಕ್ಷಣಕ್ಕೆ ನಾಮಿನೇಷನ್ ತಾನಾಗಿ ರದ್ದಾಗುತ್ತದೆ. ಈ ಮಾತನ್ನು ಆ ವ್ಯಾಪಾರಿ ಹೇಳಿರಲಿಲ್ಲ. ಶಿವಣ್ಣ ಫಾರಂ ಮಡಚಿ ಜೇಬಿಗಿಟ್ಟುಕೊಂಡರು. ಮಾರುವ ಯೋಚನೆ ಅಲ್ಲಿಗೆ ಅರ್ಧ ಬಿತ್ತು.

ನ್ಯೂಜೆರ್ಸಿಯ ಫೋನು

ಇನ್ನರ್ಧ ಬಿದ್ದಿರಲಿಲ್ಲ. ಮಾರನೇ ದಿನ ಗಿರಿಜಮ್ಮನ ಅಣ್ಣನ ಮಗ ನ್ಯೂಜೆರ್ಸಿಯಿಂದ ಫೋನ್ ಮಾಡಿದ. "ಅಂಕಲ್, ಇಲ್ಲಿ ಸೀರಿಯಸ್ ಆದವರು ಪಾಲಿಸಿ ಮಾರ್ತಾರೆ, ಲೀಗಲ್. ನಮ್ಮಲ್ಲಿ ಯಾಕಾಗಲ್ಲ?"

ಅವನು ಹೇಳಿದ್ದು ನಿಜ. ಅಮೆರಿಕದಲ್ಲಿ ಇದಕ್ಕೆ ನೂರು ವರ್ಷದ ಹಿನ್ನೆಲೆ ಇದೆ. ಬರ್ಚರ್ಡ್ ಎಂಬಾತನಿಗೆ ಆಪರೇಷನ್‌ಗೆ ದುಡ್ಡು ಬೇಕಿತ್ತು. ತನ್ನ ಪಾಲಿಸಿಯನ್ನು ಗ್ರಿಗ್ಸ್‌ಬಿ ಎಂಬ ಡಾಕ್ಟರಿಗೆ ನೂರು ಡಾಲರಿಗೆ ಮಾರಿದ. ಮುಂದಿನ ಕಂತು ಡಾಕ್ಟರ್ ಕಟ್ಟಬೇಕು ಎಂದು ಮಾತಾಯಿತು. ಆತ ಸತ್ತ ಮೇಲೆ ದುಡ್ಡು ಯಾರಿಗೆ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1911ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಪಾಲಿಸಿಯೂ ಒಂದು ಆಸ್ತಿ, ಮಾರಬಹುದು ಎಂದರು. 1980ರ ದಶಕದ ಕೊನೆಯಲ್ಲಿ ಏಡ್ಸ್ ಬಂದ ಯುವಕರು ಬದುಕಿರುವಾಗಲೇ ಖರ್ಚಿಗೆ ಬೇಕು ಎಂದು ಪಾಲಿಸಿ ಮಾರತೊಡಗಿದಾಗ ಇದು ದೊಡ್ಡ ಉದ್ಯಮವಾಯಿತು. ಇನ್ನು 24 ತಿಂಗಳೊಳಗೆ ಸಾವು ನಿರೀಕ್ಷಿತ ಎಂದು ಡಾಕ್ಟರ್ ಬರೆದುಕೊಟ್ಟರೆ ಮಾರಿದ ಹಣಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಎಂದು 1996ರಲ್ಲಿ ಕಾನೂನು ಮಾಡಿದರು. ಅದೇ ಹೊತ್ತಿಗೆ ಹೊಸ ಔಷಧಿಗಳು ಬಂದವು. ಸಾಯುತ್ತಾರೆ ಎಂದುಕೊಂಡವರು ಬದುಕಿದರು. ಪಾಲಿಸಿ ಕೊಂಡವರು ವರ್ಷಗಟ್ಟಲೆ ಕಂತು ಕಟ್ಟುತ್ತಾ ಕೂತರು. ಒಬ್ಬ ಮನುಷ್ಯ ಗುಣವಾದ ಅಂತ ಇನ್ನೊಬ್ಬನಿಗೆ ನಷ್ಟ! ನನಗೆ ಈ ವ್ಯವಹಾರ ಕಂಡರೆ ಒಗ್ಗದಿರುವುದು ಇದಕ್ಕೇ.

ಅಲ್ಲಿ ಈ ಮಾರಾಟಕ್ಕೆ ವಯಾಟಿಕಲ್ ಅನ್ನುತ್ತಾರೆ. ಲ್ಯಾಟಿನ್ ಪದದಿಂದ ಬಂದದ್ದು. ದೂರದ ಪ್ರಯಾಣಕ್ಕೆ ಕಟ್ಟಿಕೊಡುವ ಸಾಮಗ್ರಿ ಎಂದು ಅರ್ಥ. ನಮ್ಮ ಬುತ್ತಿ.

ಆ ಹುಡುಗನಿಗೆ ಹೇಳಿದೆ. ಅಲ್ಲಿ ಕೊಳ್ಳುವವನಿಗೆ ಲೈಸೆನ್ಸ್ ಬೇಕು, ಮಾರಿದ ಮೇಲೆ ಮನಸ್ಸು ಬದಲಾದರೆ ಕೆಲವು ದಿನ ವಾಪಸ್ ಪಡೆಯುವ ಹಕ್ಕಿರುತ್ತದೆ. ಇಲ್ಲಿ ನಿನ್ನ ಮಾವನ ಮುಂದಿರುವುದು ಪೆನ್ಸಿಲಿನಲ್ಲಿ ಸುಳ್ಳು ಬರೆದ ಒಂದು ಫಾರಂ, ಜೊತೆಗೆ ಸೈನ್ ಮಾಡಿದ ಖಾಲಿ ಚೆಕ್ಕು. ಹೌದು, ಚೆಕ್ಕನ್ನೂ ಕೇಳಿದ್ದನಂತೆ. ಇದು ನನಗೆ ಗೊತ್ತಾದದ್ದು ಆ ಫೋನಿನಲ್ಲೇ.

ಮಾಡಿದ್ದೇನು

ದುಡ್ಡಿನ ಭಾಗ ನಿಜಕ್ಕೂ ಸುಲಭವಿತ್ತು. ಎಂಡೋಮೆಂಟ್ ಪಾಲಿಸಿಯನ್ನೇ ಅಡ ಇಟ್ಟು ಅದೇ ಕಂಪನಿಯಲ್ಲಿ ಸಾಲ ತೆಗೆದೆವು. ಚಾಲ್ತಿಯಲ್ಲಿರುವ ಪಾಲಿಸಿಗೆ ಸರೆಂಡರ್ ಮೌಲ್ಯದ ಶೇಕಡಾ 90ರವರೆಗೆ ಕೊಡುತ್ತಾರೆ. 5.25 ಲಕ್ಷ ಸಿಕ್ಕಿತು. ಬಡ್ಡಿ ವರ್ಷಕ್ಕೆ ಹತ್ತರ ಹತ್ತಿರ. ತಿಂಗಳಿಗೆ ಮೂರು ರೂಪಾಯಿ ಕೊಡುತ್ತಿದ್ದವರಿಗೆ ಇದೇನು ಲೆಕ್ಕ? ಇಲ್ಲೂ ಕಂಪನಿಗೆ ಪಾಲಿಸಿ ಅಸೈನ್ ಮಾಡಿಕೊಡಬೇಕು. ಆದರೆ ಸಾಲಕ್ಕಾಗಿ ಕಂಪನಿಗೇ ಮಾಡಿಕೊಟ್ಟರೆ ನಾಮಿನಿ ರದ್ದಾಗುವುದಿಲ್ಲ. ಸಾಲ, ಬಡ್ಡಿ ಮುರಿದುಕೊಂಡು ಉಳಿದದ್ದು ನಾಮಿನಿಗೆ.

ಸಾಲಕ್ಕೆ ಹೋಗುವ ಮೊದಲು ಬಾಂಡಿನ ಮುಖಪುಟ, ಹಿಂಬದಿ ಎರಡನ್ನೂ ನೋಡಿದೆ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ತೆಗೆದ ಪಾಲಿಸಿಯಾದರೆ ಅದು ಹೆಂಡತಿ ಮಕ್ಕಳ ಟ್ರಸ್ಟ್ ಆಸ್ತಿ. ಗಂಡ ತನ್ನ ಇಷ್ಟಕ್ಕೆ ಮಾರುವಂತಿಲ್ಲ, ಸರೆಂಡರ್ ಮಾಡುವಂತಿಲ್ಲ. ಇದು ಹಾಗಿರಲಿಲ್ಲ.

ದಸರಾ ರಜೆ ಮುಗಿದು 27ಕ್ಕೆ ದುಡ್ಡು ಖಾತೆಗೆ ಬಂತು. ಏಳು ಲಕ್ಷಕ್ಕೆ ಇನ್ನೂ ಕೊರತೆ ಇತ್ತು. ಅದನ್ನು ತುಂಬಿಸಿದ್ದು ಗಿರಿಜಮ್ಮ. ಮಾಲು ಕೊಟ್ಟವರಿಗೆ ತಾವೇ ಫೋನ್ ಮಾಡಿ, ಮಾರದೆ ಉಳಿದ ಪೈಪು, ಪೇಂಟು ವಾಪಸ್ ತೆಗೆದುಕೊಳ್ಳಿ ಅಂದರು. 1.1 ಲಕ್ಷದ ಮಾಲು ವಾಪಸ್ ಹೋಯಿತು. ಮಿಕ್ಕದ್ದಕ್ಕೆ ಚೀಟಿ ಎತ್ತಿದರು. ಮುಂದಿನ ಕೀಮೋಗೆ ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ತಂದರು. ಗಂಡ ಅಂಗಡಿಯಲ್ಲಿದ್ದ ಇಷ್ಟು ವರ್ಷ ಆಕೆ ಗಲ್ಲಾದ ಹತ್ತಿರ ಕೂತವರಲ್ಲ.

ಕೈಸಾಲ ಮೊದಲು ತೀರಿಸಿದೆವು. ಫೈನಾನ್ಸ್ ವ್ಯಾಪಾರಿಗೆ ಶಿವಣ್ಣನೇ ಫೋನ್ ಮಾಡಿ "ಬೇಡಪ್ಪ" ಅಂದರು.

ನಾನು ಎಡವಿದ ಜಾಗ

ಟರ್ಮ್ ಪಾಲಿಸಿಯನ್ನು ಮೊದಲ ವಾರದಲ್ಲೇ ಪೂರ್ತಿ ಓದಿದ್ದೆ. ಒಳಗಿನ ಪುಟದಲ್ಲಿ ಟರ್ಮಿನಲ್ ಇಲ್‌ನೆಸ್ ಎಂಬ ಕಲಂ ಇತ್ತು. ಆರು ತಿಂಗಳೊಳಗೆ ಸಾವು ನಿರೀಕ್ಷಿತ ಎಂದು ಇಬ್ಬರು ತಜ್ಞ ವೈದ್ಯರು ಬರೆದುಕೊಟ್ಟರೆ 25 ಲಕ್ಷವನ್ನು ಬದುಕಿರುವಾಗಲೇ ಕೊಡುತ್ತಾರೆ. ಬೇರೆ ಹಣ ಕೊಡಬೇಕಾಗಿಲ್ಲ, ಪಾಲಿಸಿಯಲ್ಲೇ ಸೇರಿದೆ. ಯಾರಿಗೂ ಮಾರದೆ, ಕಮಿಷನ್ ಇಲ್ಲದೆ, ಪೂರ್ತಿ ಮೊತ್ತ. ಬುತ್ತಿ ಪಾಲಿಸಿಯಲ್ಲೇ ಕಟ್ಟಿಟ್ಟಿತ್ತು, ಇವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಗಿರಿಜಮ್ಮನಿಗೆ ಹೇಳಿದೆ. ಅವರ ಮುಖ ಬಿಳಚಿಕೊಂಡಿತು. ಫಾರಂಗೆ ಪಾಲಿಸಿದಾರರೇ ಸೈನ್ ಹಾಕಬೇಕು. ಆರು ತಿಂಗಳು ಎಂಬ ಮಾತು ಅದರ ಮೊದಲ ಸಾಲಿನಲ್ಲೇ ಇತ್ತು.

"ಅವರಿಗೆ ಗೊತ್ತಿಲ್ಲ ಸರ್. ಗೊತ್ತಾದರೆ ಅವತ್ತೇ ಮಲಗಿಬಿಡ್ತಾರೆ. ದೀಪಾವಳಿ ಕಳೀಲಿ. ಮಕ್ಕಳು ಮನೆಗೆ ಬರ್ತಾರೆ."

ನಾನು ಸರಿ ಎಂದೆ. ಅದು ತಪ್ಪು. ಆಕೆಯ ದುಃಖದ ಮುಂದೆ ಗಟ್ಟಿಯಾಗಿ ಮಾತಾಡಲು ನನಗೆ ಧೈರ್ಯ ಬರಲಿಲ್ಲ. ಸುಮ್ನೆ ಒಳ್ಳೆಯವನಾದೆ. ಡಾಕ್ಟರ ಬಳಿ ಮಾತಾಡಿಸಿ, ಅವರಿಂದಲೇ ಹೇಳಿಸಿ ಎಂದಾದರೂ ಒತ್ತಾಯಿಸಬಹುದಿತ್ತು.

ದೀಪಾವಳಿ ಕಳೆಯಿತು. ಮಗಳ ಪರೀಕ್ಷೆ ಬಂತು. "ಮುಂದಿನ ವಾರ" ಎಂಬುದು ನವೆಂಬರ್ ಕೊನೆಗೆ ಬಂದು ನಿಂತಿತು. ಅಷ್ಟರಲ್ಲಿ ಒಂದು ಸಂಜೆ ಶಿವಣ್ಣ ನನ್ನನ್ನು ಒಬ್ಬನನ್ನೇ ಕರೆಸಿಕೊಂಡರು. ದಿಂಬಿನ ಕೆಳಗಿಂದ ಆ ಹಳೇ ಅಸೈನ್‌ಮೆಂಟ್ ಫಾರಂ ತೆಗೆದರು.

"ಸರ್, ಅವತ್ತು ನೀವು ಒಂದು ಮಾತು ನುಂಗಿಕೊಂಡ್ರಿ. ನಾನು ಮೂವತ್ತು ವರ್ಷ ವ್ಯಾಪಾರ ಮಾಡಿದೀನಿ. ಐದೂ ಮುಕ್ಕಾಲು ಬೆಲೆಯ ಮಾಲಿಗೆ ಯಾರೂ ಸುಮ್ನೆ ಏಳೂವರೆ ಕೊಡಲ್ಲ. ಅವನು ಸ್ಕ್ಯಾನ್ ಫೋಟೊ ಕೇಳಿದಾಗಲೇ ನನಗೆ ಗೊತ್ತಾಯ್ತು. ಗಿರಿಜಾಗೆ ಗೊತ್ತಿಲ್ಲ, ಹೇಳಬೇಡಿ."

ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಂದೊಬ್ಬರು ಅದೇ ವಿಷಯ ಮುಚ್ಚಿಟ್ಟುಕೊಂಡು ಆರು ವಾರ ಕಳೆದಿದ್ದರು. ನಡುವೆ ನಾನು, ಇಬ್ಬರ ಗುಟ್ಟನ್ನೂ ಕಾಯುತ್ತಾ. ನಾನು ಎದ್ದು ಹೋಗಿ ಗಿರಿಜಮ್ಮನನ್ನು ಒಳಗೆ ಕರೆದೆ. ಆಮೇಲೆ ಅಲ್ಲಿ ನಿಲ್ಲಲಿಲ್ಲ.

ಮಾರನೇ ಬೆಳಿಗ್ಗೆ ಫಾರಂ ಸೈನ್ ಆಗಿ ಸಿದ್ಧವಿತ್ತು.

ಮುಂದಿನದು ಕಾಗದದ ನಿಧಾನ. ಮೊದಲ ಡಾಕ್ಟರ್ "ರೋಗ ಮುಂದುವರಿದಿದೆ, ಸುಧಾರಣೆಯ ನಿರೀಕ್ಷೆ ಕಡಿಮೆ" ಎಂದು ಬರೆದುಕೊಟ್ಟರು. ಆರು ತಿಂಗಳು ಎಂದು ಬರೆಯಲಿಲ್ಲ. ಅವರದೂ ತಪ್ಪಲ್ಲ. ದಿನ ಎಣಿಸಿ ಬರೆಯಲು ಯಾವ ಡಾಕ್ಟರಿಗೆ ಇಷ್ಟ? ಕಂಪನಿ ಡಿಸೆಂಬರ್ ಮಧ್ಯದಲ್ಲಿ ವಾಪಸ್ ಬರೆಯಿತು, ಪಾಲಿಸಿಯ ಕಲಮಿನಲ್ಲಿರುವ ಮಾತೇ ಬೇಕು ಎಂದು. ಈ ಸಲ ಆ ಕಲಮಿನ ಪುಟವನ್ನೇ ಜೆರಾಕ್ಸ್ ಮಾಡಿಸಿ, ಗಿರಿಜಮ್ಮನ ತಮ್ಮನ ಕೈಲಿ ಡಾಕ್ಟರಿಗೆ ಕಳಿಸಿದೆವು. ಮೊದಲ ಸಲವೇ ಹೀಗೆ ಮಾಡಬೇಕಿತ್ತು. ಎರಡನೇ ತಜ್ಞರ ಪತ್ರ ಸಿಕ್ಕಾಗ ಜನವರಿ ಮೂರನೇ ವಾರ.

ಕೊನೆಯ ಕಂತು

ಎಂಡೋಮೆಂಟ್ ಪಾಲಿಸಿಯ 52 ಸಾವಿರದ ಕಂತು ಜನವರಿ 28ಕ್ಕೆ. ಕಟ್ಟಿಬಿಡೋಣ ಎಂದು ನಾನು ಹೇಳಿದೆ. ಶಿವಣ್ಣ ಅಷ್ಟು ಹೊತ್ತಿಗೆ ಮಾತು ಕಡಿಮೆ ಮಾಡಿದ್ದರು.

"ವರ್ಷದ ಕಂತಿಗೆ ಒಂದು ತಿಂಗಳು ಟೈಮ್ ಇರುತ್ತಲ್ಲ ಸರ್?"

"ಹೌದು, 30 ದಿನ ಗ್ರೇಸ್."

"ನನಗೂ ಅಷ್ಟೇ ಇರೋದು. ಆ ದುಡ್ಡಲ್ಲಿ ರಾತ್ರಿ ನೋಡಿಕೊಳ್ಳೋಕೆ ಒಬ್ಬ ನರ್ಸ್ ಇಡಿ. ಇವಳು ಎರಡು ತಿಂಗಳಿಂದ ಮಲಗಿಲ್ಲ."

ನರ್ಸ್ ಇಟ್ಟರು. ಬೇರೆಯವರಿಗೆ ನಾನು ಈ ಸಲಹೆ ಕೊಡುವುದಿಲ್ಲ. ಗ್ರೇಸ್ ಅವಧಿಯೊಳಗೆ ಸಾವಾದರೆ ಪೂರ್ತಿ ಮೊತ್ತ ಬರುತ್ತದೆ, ಬಾಕಿ ಕಂತು ಮುರಿದುಕೊಳ್ಳುತ್ತಾರೆ, ಅದು ನಿಜ. ಆದರೆ ಲೆಕ್ಕ ಒಂದೆರಡು ವಾರ ತಪ್ಪಿದರೆ ಏನು ಮಾಡುವುದು? ನಾನು 52 ಸಾವಿರ ತೆಗೆದಿಟ್ಟುಕೊಂಡು, ಫೆಬ್ರವರಿ 25ಕ್ಕೆ ಕಟ್ಟುವುದು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೆ.

ಅವರು ಫೆಬ್ರವರಿ 9ರ ಬೆಳಗಿನ ಜಾವ ತೀರಿಕೊಂಡರು. ಟರ್ಮ್ ಪಾಲಿಸಿಯ ಅರ್ಜಿ ಆಗಲೂ ಕಂಪನಿಯ ವೈದ್ಯರ ಮೇಜಿನ ಮೇಲಿತ್ತು. ಅದನ್ನೇ ಸಾವಿನ ಕ್ಲೇಮಾಗಿ ಬದಲಿಸಿ ಮುಂದುವರಿಸಿದರು.

ಎಂಡೋಮೆಂಟ್‌ನ 16.1 ಲಕ್ಷದಲ್ಲಿ ಸಾಲ, ಮೂರೂವರೆ ತಿಂಗಳ ಬಡ್ಡಿ, ಬಾಕಿ ಕಂತು ಕಳೆದು 10 ಲಕ್ಷದ 20 ಸಾವಿರದ ಆಸುಪಾಸು ಬಂತು. ಮೊದಲೇ ತೆಗೆದ 5.25 ಲಕ್ಷ ಸೇರಿಸಿದರೆ ಮನೆಗೆ ಸಿಕ್ಕಿದ್ದು ಹದಿನೈದೂವರೆ ಲಕ್ಷದ ಹತ್ತಿರ. ಗುರುವಾರ ಸೈನ್ ಹಾಕಿದ್ದರೆ ಏಳೂವರೆ. ಟರ್ಮ್‌ನ 25 ಲಕ್ಷ ಮಾರ್ಚಿನಲ್ಲಿ ಗಿರಿಜಮ್ಮನ ಖಾತೆಗೆ ಬಂತು. ಗುಟ್ಕಾ ವಿಷಯ ಯಾರೂ ಎತ್ತಲಿಲ್ಲ.

ಹಣದಲ್ಲಿ ನಷ್ಟವಾಗಲಿಲ್ಲ. ಆದರೆ ಅಕ್ಟೋಬರ್ ಕೊನೆಯಲ್ಲೇ ಅರ್ಜಿ ಹಾಕಿದ್ದರೆ ಆ 25 ಲಕ್ಷ ಡಿಸೆಂಬರಿನಲ್ಲಿ ಅವರ ಕೈಗೇ ಬರುವ ಸಾಧ್ಯತೆ ಇತ್ತು. ನರ್ಸ್ ಎರಡು ತಿಂಗಳು ಮೊದಲೇ ಬರುತ್ತಿದ್ದಳು. ಕಂತೋ ನರ್ಸೋ ಎಂದು ಆ ಮನುಷ್ಯ ಹಾಸಿಗೆಯಲ್ಲಿ ಮಲಗಿ ಲೆಕ್ಕ ಹಾಕಬೇಕಾಗುತ್ತಿರಲಿಲ್ಲ. ಈಗ ಇಂಥ ಪ್ರಕರಣ ಬಂದರೆ ನಾನು ಮೊದಲ ದಿನವೇ ಕೇಳುವ ಪ್ರಶ್ನೆ, "ಕಾಯಿಲೆ ಬಂದವರಿಗೆ ಏನು ಗೊತ್ತಿದೆ?" ಎಂದು. ಎಷ್ಟೋ ಸಲ ಮನೆಯವರು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಗೊತ್ತಿರುತ್ತದೆ.

ಏಪ್ರಿಲ್‌ನಲ್ಲಿ ಗಿರಿಜಮ್ಮ ಮತ್ತೆ ಬಂದರು, ಅದೇ ಜವಳಿ ಅಂಗಡಿಯ ಕವರ್ ಹಿಡಿದು. ಒಳಗೆ ಅವರದೇ ಹೆಸರಿನ ಎರಡು ಲಕ್ಷದ ಒಂದು ಸಣ್ಣ ಪಾಲಿಸಿ. ನಾಮಿನಿ: ಶಿವಣ್ಣ. ಮಗಳ ಹೆಸರು ಹಾಕಬೇಕಂತೆ. ಆಧಾರ್‌ನಲ್ಲಿ ಇನಿಶಿಯಲ್ ಹೇಗಿದೆ ಎಂದು ಕೇಳಿದೆ. ಗೊತ್ತಿರಲಿಲ್ಲ. ಮಗಳಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡೆವು.